‘ಚೆನ್ನಾಗಿದೆ’ ಎಂದವರು ಮರಳಿ ಬರಲಿಲ್ಲ

ಊರೂರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರುವಾಗುವ ಡಿಸೆಂಬರ್ ತಿಂಗಳನ್ನೇ ನೋಡಿಕೊಂಡು ನಮ್ಮ ಕ್ರೀಡಾ ಸುದ್ದಿ ತಾಣವನ್ನು ಆರಂಭಿಸಿದೆವು. ನಾವು ಎಂದರೆ ಇಬ್ಬರೇ. ಒಂದು ಕಾಲದಲ್ಲಿ ಲೆಫ್ಟ್ ಕಾರ್ನರ್‌ನಲ್ಲಿ ಆಡಿ ಮೊಣಕಾಲು ಕೆಡಿಸಿಕೊಂಡ ನಾನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಚಿಕ್ಕಮ್ಮನ ಮಗ. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆಯ ಪಂದ್ಯಗಳ ಫಲಿತಾಂಶ, ಆಟಗಾರರ ಪರಿಚಯ, ಓದುಗರೇ ಬರೆದು ವಾದ ಮಾಡಲು ಒಂದಿಷ್ಟು ಜಾಗ. ನಮ್ಮ ಯೋಜನೆ ಇಷ್ಟೇ ಇತ್ತು.

ಕೊಂಡಿಯನ್ನು ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದೆ. ಹೆಬ್ಬೆರಳಿನ ಚಿತ್ರಗಳು ಸಾಲುಗಟ್ಟಿ ಬಂದವು. ಹನ್ನೆರಡು ಪ್ರಶ್ನೆಗಳ ಅಭಿಪ್ರಾಯ ಪತ್ರವನ್ನೂ ಕಳುಹಿಸಿದೆವು. ತುಂಬಿದವರೆಲ್ಲ ಬರೆದದ್ದು ಹೆಚ್ಚುಕಡಿಮೆ ಒಂದೇ: ‘ತುಂಬಾ ಚೆನ್ನಾಗಿದೆ’, ‘ಒಳ್ಳೆಯ ಪ್ರಯತ್ನ, ಶುಭವಾಗಲಿ.’ ಎರಡನೆಯ ವಾರ ಲೆಕ್ಕ ತೆಗೆದು ನೋಡಿದರೆ, ಹಾಗೆ ಬರೆದವರಲ್ಲಿ ಬಹುಪಾಲು ಮಂದಿ ಮತ್ತೆ ಈ ಕಡೆ ತಲೆಯೇ ಹಾಕಿರಲಿಲ್ಲ. ಗೃಹಪ್ರವೇಶಕ್ಕೆ ಬಂದವರು ಗೋಡೆಯ ಬಿರುಕನ್ನು ಮನೆಯವರಿಗೆ ತೋರಿಸುವುದಿಲ್ಲ. ಪಾಯಸ ಉಂಡು ಹೋಗುತ್ತಾರೆ. ನಾವು ಕಳುಹಿಸಿದ ಪತ್ರವೂ ಅಂಥದೇ ಒಂದು ಆಮಂತ್ರಣವಾಗಿತ್ತು.

ಚಿಕ್ಕಮ್ಮನ ಮಗ ಆಗ ಜೇಕಬ್ ನೀಲ್ಸನ್ ಎಂಬವರ ಮಾತು ಹೇಳಿದ. ಜಾಲತಾಣಗಳನ್ನು ಜನ ಹೇಗೆ ಬಳಸುತ್ತಾರೆ ಎಂಬುದನ್ನೇ ಜೀವನವಿಡೀ ಅಧ್ಯಯನ ಮಾಡಿದವರು ಅವರು. ಐದೇ ಜನರನ್ನು ಹತ್ತಿರ ಕೂರಿಸಿಕೊಂಡು ನೋಡಿದರೆ ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುತ್ತವೆ ಎಂದು 2000ದಲ್ಲೇ ಬರೆದಿದ್ದಾರೆ. ಐದು ಜನ ತಾನೆ, ಅದಕ್ಕೇನು ಎಂದುಕೊಂಡು ಬೆಳ್ತಂಗಡಿ ಕಡೆಯ ಒಂದು ಪಂದ್ಯಾವಳಿಗೆ ಮೊಬೈಲ್ ಹಿಡಿದು ಹೋದೆ.

ಮೊದಲು ಸಿಕ್ಕವರು ಕಬಡ್ಡಿಯ ಹಳೆಯ ರೈಡರ್, ಎಂದರೆ ಎದುರಾಳಿಯ ಅಂಗಳಕ್ಕೆ ನುಗ್ಗಿ ಅಂಕ ತರುವವರು; ಈಗ ರಿಕ್ಷಾ ಓಡಿಸುತ್ತಾರೆ. ಚರುಮುರಿ ಅಂಗಡಿಯ ಪಕ್ಕ ಕುಳಿತು, ‘ಅಣ್ಣ, ನಿಮ್ಮ ಊರಿನ ತಂಡ ಹೋದ ವಾರ ಆಡಿದ ಪಂದ್ಯದ ಸ್ಕೋರ್ ಇದರಲ್ಲಿ ಹುಡುಕಿ ನೋಡಿ’ ಎಂದು ಮೊಬೈಲ್ ಕೊಟ್ಟೆ. ಅವರ ಬೆರಳು ತಂಡದ ಫೋಟೋ ಮೇಲೆ ಹೋಯಿತು. ಒತ್ತಿದರು, ಏನೂ ಆಗಲಿಲ್ಲ. ಮತ್ತೆ ಒತ್ತಿದರು. ನನಗೆ ತಡೆಯಲಾಗದೆ, ‘ಅಲ್ಲಲ್ಲ, ಮೇಲೆ ಮೂರು ಗೆರೆ ಇದೆಯಲ್ಲ, ಅದನ್ನು ಒತ್ತಿ’ ಎಂದುಬಿಟ್ಟೆ. ಆ ಕ್ಷಣಕ್ಕೆ ಪರೀಕ್ಷೆ ಮುಗಿದಂತೆಯೇ. ಮುಂದೆ ಅವರು ನನ್ನ ಮುಖ ನೋಡಿ ನೋಡಿಯೇ ಒತ್ತತೊಡಗಿದರು. ಕೊನೆಗೆ ‘ಚರ್ಚೆ’ ಎಂಬಲ್ಲಿಗೆ ಹೋದಾಗ ಮೊಬೈಲ್ ಸಂಖ್ಯೆ ಕೇಳಿತು, ಒಟಿಪಿ ಕಳುಹಿಸಿದ್ದೇವೆ ಎಂದಿತು. ಸಾವಿರಾರು ಜನ ಸೇರಿದ ಗದ್ದೆಯಲ್ಲಿ ಯಾವ ಒಟಿಪಿ ಬರುತ್ತದೆ? ಕಾದು ಕಾದು ಅವರು ಮೊಬೈಲ್ ವಾಪಸ್ ಕೊಟ್ಟು ಹೇಳಿದರು: ‘ಚೆನ್ನಾಗಿದೆ ಮಾರಾಯರೇ.’

ಬಾಯಿ ಹೇಳಿದ್ದು ಒಂದು, ಬೆರಳು ಹೇಳಿದ್ದು ಇನ್ನೊಂದು. ಅಲ್ಲಿಂದಾಚೆಗೆ ನನ್ನ ನೋಟ್‌ಬುಕ್ಕಿನಲ್ಲಿ ಬೆರಳಿನ ಮಾತನ್ನು ಮಾತ್ರ ಬರೆದುಕೊಳ್ಳತೊಡಗಿದೆ. ಉಳಿದ ನಾಲ್ವರ ಜೊತೆ ಕುಳಿತಾಗ ಎರಡೂ ಕೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡು ತುಟಿ ಕಚ್ಚಿಕೊಂಡಿದ್ದೆ. ರೈಡರ್ ಒಳಗೆ ಬಂದಾಗ ಸುಮ್ಮನೆ ನಿಲ್ಲುವುದನ್ನು ಕಲಿಯದ ಕಾರ್ನರ್ ಆಟಗಾರನಿಗೆ ಇದು ಸುಲಭದ ಶಿಕ್ಷೆಯಲ್ಲ. ಐವರಲ್ಲಿ ನಾಲ್ವರು ಫೋಟೋವನ್ನೇ ಒತ್ತಿದರು. ಮೂರು ಗೆರೆಯ ಗುರುತನ್ನು ತಾನಾಗಿ ಒತ್ತಿದವರು ಒಬ್ಬರೂ ಇಲ್ಲ. ಮರುದಿನವೇ ಫೋಟೋ ಒತ್ತಿದರೆ ತಂಡದ ಪುಟ ತೆರೆಯುವಂತೆ ಮಾಡಿದೆವು. ಬರೆಯುವವರಿಗೆ ಮಾತ್ರ ಒಟಿಪಿ, ಓದುವವರಿಗೆ ಬೇಡ ಎಂದಾಯಿತು.

ಕೇಳುವ ಪ್ರಶ್ನೆಯನ್ನೂ ಬದಲಾಯಿಸಿದೆ. ‘ಹೇಗಿದೆ?’ ಎಂಬುದನ್ನು ಬಿಟ್ಟು, ‘ನಿನ್ನೆ ರಾತ್ರಿ ಯಾರು ಗೆದ್ದರೆಂದು ನಿಮಗೆ ಗೊತ್ತಾದದ್ದು ಹೇಗೆ?’ ಎಂದು ಕೇಳತೊಡಗಿದೆ. ಒಬ್ಬ ಹುಡುಗ ಹೇಳಿದ: ‘ದುಬೈಯಲ್ಲಿರುವ ಭಾವ ಹೇಳಿದರು.’ ಪಂದ್ಯ ನಡೆದದ್ದು ಅವನ ಮನೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ! ಭಾವ ಅಲ್ಲಿ ಕುಳಿತು ಯೂಟ್ಯೂಬ್‌ನಲ್ಲಿ ನೇರಪ್ರಸಾರ ನೋಡುತ್ತಾರೆ, ಇವನು ನಿದ್ದೆ ಮಾಡಿರುತ್ತಾನೆ. ನಮ್ಮ ಓದುಗರು ಕಬಡ್ಡಿ ಅಂಕಣದ ಸುತ್ತ ನಿಂತವರು ಎಂದು ನಾವು ತಿಳಿದಿದ್ದೆವು. ನಿಜಕ್ಕೂ ಬೇಕಾದವರು ಅಲ್ಲಿಗೆ ಬರಲಾಗದವರು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಹುಡುಕಾಟದ ಪೆಟ್ಟಿಗೆ. ಓದುಗರು ಅಲ್ಲಿ ಬರೆದು, ಉತ್ತರ ಸಿಗದೆ ಹೋದ ಪದಗಳ ಪಟ್ಟಿಯನ್ನು ಚಿಕ್ಕಮ್ಮನ ಮಗ ಪ್ರತಿ ಭಾನುವಾರ ಕಳುಹಿಸುತ್ತಿದ್ದ. ಅದರಲ್ಲಿ ಯಾರೂ ಮುಖಸ್ತುತಿ ಮಾಡುವುದಿಲ್ಲ. ಮೊದಲ ಪಟ್ಟಿ ನೋಡಿ ನಗು ಬಂತು, ಆಮೇಲೆ ನಾಚಿಕೆಯಾಯಿತು. ನಾವು ಎಲ್ಲೆಡೆ ಶುದ್ಧವಾಗಿ ‘ಕಬಡ್ಡಿ’ ಎಂದು ಬರೆದಿದ್ದೆವು. ಜನ ಹುಡುಕಿದ್ದು ‘ಕಬ್ಬಡ್ಡಿ’, ‘ಕಬ್ಬಡಿ’, ‘ಕಬಡಿ’. ಅವರಿಗೆಲ್ಲ ನಮ್ಮ ತಾಣ ‘ಏನೂ ಸಿಗಲಿಲ್ಲ’ ಎಂದು ಉತ್ತರಿಸಿತ್ತು. ಕಬಡ್ಡಿಯ ತಾಣದಲ್ಲಿ ಕಬಡ್ಡಿ ಇಲ್ಲ! ಇನ್ನು ಅರ್ಧದಷ್ಟು ಜನ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರು. ಊರಿನ ಹೆಸರುಗಳ ಗತಿಯೂ ಅಷ್ಟೇ: ಒಬ್ಬರಿಗೆ ಮೂಡಬಿದಿರೆ, ಇನ್ನೊಬ್ಬರಿಗೆ ಮೂಡುಬಿದಿರೆ, ಮತ್ತೊಬ್ಬರಿಗೆ ಮೂಡಬಿದ್ರಿ. ಕಾಗುಣಿತ ತಿದ್ದುವುದು ಮೇಷ್ಟರ ಕೆಲಸ ಎಂದು ಕೈಬಿಟ್ಟು, ಎಲ್ಲ ರೂಪಗಳನ್ನೂ ಒಂದೇ ಪದಕ್ಕೆ ಜೋಡಿಸುವ ಪಟ್ಟಿಯನ್ನು ಕೂತು ಕೈಯಾರೆ ಮಾಡಿದೆ. ಈಗಲೂ ವಾರಕ್ಕೆ ಐದಾರು ಹೊಸ ರೂಪಗಳು ಸೇರುತ್ತವೆ.

ಅದೇ ಪಟ್ಟಿಯಲ್ಲಿ ‘ಕಂಬಳ’ ಮತ್ತೆ ಮತ್ತೆ ಬರುತ್ತಿತ್ತು. ಅದು ನಮ್ಮ ಯೋಚನೆಯಲ್ಲೇ ಇರಲಿಲ್ಲ. ಫಲಿತಾಂಶ ಹಾಕಲು ಹೊರಟಾಗ ಗೊತ್ತಾಯಿತು, ಕಬಡ್ಡಿಯ ಅಚ್ಚಿನಲ್ಲಿ ಕಂಬಳ ಹಿಡಿಸುವುದಿಲ್ಲ. ಕೋಣಗಳ ಓಟದಲ್ಲಿ ಹಲವು ಬಗೆ: ಹಗ್ಗ, ನೇಗಿಲು ಎರಡರಲ್ಲೂ ಹಿರಿಯ, ಕಿರಿಯ ವಿಭಾಗಗಳು, ಜೊತೆಗೆ ಅಡ್ಡಹಲಗೆ. ಕನೆಹಲಗೆ ಎಂಬ ಇನ್ನೊಂದು ಬಗೆಯಲ್ಲಿ ನೋಡಬೇಕಾದದ್ದು ನೀರು ಎಷ್ಟು ಕೋಲು ಎತ್ತರಕ್ಕೆ ಹಾರಿತು ಎಂಬುದನ್ನು. ಮೊದಲ ಸಲ ಕೋಣಗಳ ಯಜಮಾನರ ಹೆಸರು ಮಾತ್ರ ಹಾಕಿದ್ದೆ. ಬೆಳಿಗ್ಗೆಯೇ ಫೋನ್: ‘ಓಡಿಸಿದವರ ಹೆಸರು ಎಲ್ಲಿ? ಕೋಣ ತಾನಾಗಿ ಓಡಿತೇ?’

ಐಪಿಎಲ್ ಸ್ಕೋರ್ ಹಾಕಿ ಎಂದವರೂ ಬಹಳ ಮಂದಿ. ಅದನ್ನು ಮಾಡಲಿಲ್ಲ. ಅದು ನೂರು ಕಡೆ ಸಿಗುತ್ತದೆ. ಕೇಳಿದವರೂ ಅಲ್ಲೇ ನೋಡುತ್ತಾರೆ, ಕೇಳುವುದು ಕೇಳಿಬಿಡೋಣ ಎಂದು ಕೇಳಿದ್ದಾರೆ ಅಷ್ಟೆ.

ಆದರೆ ಬಾಯಿಬಿಟ್ಟು ಕೇಳದೆಯೇ ದೂರ ಉಳಿದವರೂ ಇದ್ದರು. 2012ರಲ್ಲಿ ಪಟ್ನಾದಲ್ಲಿ ಮಹಿಳಾ ವಿಶ್ವಕಪ್ ಗೆದ್ದ ಭಾರತ ಕಬಡ್ಡಿ ತಂಡದ ನಾಯಕಿ ಮಮತಾ ಪೂಜಾರಿ ನಮ್ಮ ಕಾರ್ಕಳದ ಕಡೆಯವರು ಎಂದು ಎದೆಯುಬ್ಬಿಸಿ ಹೇಳುವ ನಾವು, ಇಲ್ಲಿ ಕಾಲೇಜು ತಂಡಗಳಲ್ಲಿ ಆಡುವ ಹುಡುಗಿಯರು ನಮ್ಮ ತಾಣಕ್ಕೆ ಯಾಕೆ ಬರುತ್ತಿಲ್ಲ ಎಂದು ಮೂರು ತಿಂಗಳು ಯೋಚಿಸಲೇ ಇಲ್ಲ. ಕೊನೆಗೆ ಅವರ ಕೋಚ್ ಒಬ್ಬರ ಮೂಲಕ ಮೂವರನ್ನು ಮಾತನಾಡಿಸಿದೆ. ಮೊದಲು ಅವರೂ ‘ಚೆನ್ನಾಗಿದೆ ಸರ್’ ಎಂದೇ ಶುರುಮಾಡಿದರು. ನಾನು ಎದ್ದು ಚಹಾ ತರಲು ಹೋದೆ; ಕೋಚ್ ಮೇಡಂ ಜೊತೆ ಅವರಷ್ಟೇ ಮಾತನಾಡಿದರು. ಹೊರಬಂದದ್ದು ಇಷ್ಟು: ನಮ್ಮ ಫೋಟೋ ಹಾಕಿದ್ದೀರಿ, ಅದರ ಕೆಳಗೆ ಯಾರು ಯಾರೋ ಏನೇನೋ ಬರೆದಿದ್ದಾರೆ. ಅದನ್ನು ಅಪ್ಪ ನೋಡಿದರೆ ಆಟವನ್ನೇ ಬಿಡಿಸುತ್ತಾರೆ. ಮೊಬೈಲ್ ಸಂಖ್ಯೆ ಕೊಟ್ಟು ನಾವು ಯಾಕೆ ಒಳಗೆ ಬರಬೇಕು?

ಆ ಟಿಪ್ಪಣಿಗಳನ್ನು ನಾನು ಓದಿದ್ದೆ. ಓದಿಯೂ, ಹುಡುಗರ ತಮಾಷೆ ಎಂದು ಬಿಟ್ಟಿದ್ದೆ. ಆ ರಾತ್ರಿ ಎಲ್ಲವನ್ನೂ ತೆಗೆದೆವು. ಆಟಗಾರ್ತಿಯರ ಫೋಟೋವನ್ನು ಅವರನ್ನು ಕೇಳದೆ ಹಾಕುವುದಿಲ್ಲ, ಟಿಪ್ಪಣಿ ನಮ್ಮ ಕಣ್ಣು ದಾಟದೆ ಹೊರಗೆ ಬರುವುದಿಲ್ಲ ಎಂದು ನಿಯಮ ಮಾಡಿದೆವು. ಚರ್ಚೆಯ ಬಿಸಿ ಕಡಿಮೆಯಾಯಿತು, ಕೆಲವರು ಬೈದು ಹೋದರು. ಹೋಗಲಿ.

ಇನ್ನೊಬ್ಬ ಬಳಕೆದಾರನನ್ನು ನಾನು ಬಳಕೆದಾರ ಎಂದೇ ಎಣಿಸಿರಲಿಲ್ಲ: ಅಂಕಣದ ಪಕ್ಕ ಕುಳಿತು ನಮಗಾಗಿ ಸ್ಕೋರ್ ಒತ್ತುವ ಪಿಯುಸಿ ಹುಡುಗ. ಒಂದು ರೈಡ್‌ಗೆ ಇರುವುದು 30 ಸೆಕೆಂಡ್. ನಮ್ಮ ಪುಟದಲ್ಲಿ ತಂಡ, ಆಟಗಾರ, ಬೋನಸ್, ಟಚ್ ಎಂದು ಆರು ಸಲ ಒತ್ತಬೇಕಿತ್ತು. ಅವನು ಒತ್ತಿ ಮುಗಿಸುವುದರೊಳಗೆ ಎದುರಿನ ರೈಡರ್ ಅಂಕ ತೆಗೆದುಕೊಂಡು ಹೋಗಿರುತ್ತಿದ್ದ. ಎದುರು ತಂಡದ ಎಲ್ಲರೂ ಔಟಾಗಿ ಲೋನಾ ಆದಾಗ ಬರುವ ಎರಡು ಅಂಕಗಳನ್ನು ಮರೆಯುತ್ತಿದ್ದುದೂ ಅದರಿಂದಲೇ. ಬೈಗುಳ ಮಾತ್ರ ಅವನಿಗೆ ಬೀಳುತ್ತಿತ್ತು. ಈಗ ಎರಡು ಸಲ ಒತ್ತಿದರೆ ಸಾಕು, ಲೋನಾ ಅಂಕಗಳು ತಾವಾಗಿ ಸೇರುತ್ತವೆ.

‘ಈಗ ಸರಿಯಾಯಿತೇ?’ ಎಂದು ಹೋದ ವಾರ ಅವನನ್ನು ಕೇಳಿದೆ. ಹಳೆಯ ಚಟ, ಪ್ರಶ್ನೆ ತಪ್ಪಾಗಿಯೇ ಬಂತು. ಪುಣ್ಯಕ್ಕೆ ಅವನು ‘ಚೆನ್ನಾಗಿದೆ’ ಎನ್ನಲಿಲ್ಲ. ‘ಅಣ್ಣ, ಫೈನಲ್ ಬೆಳಗಿನ ಜಾವ ನಾಲ್ಕಕ್ಕೆ. ಮೂರಕ್ಕೇ ನನ್ನ ಮೊಬೈಲ್ ಸಾಯುತ್ತದೆ’ ಎಂದ. ಚಿಕ್ಕಮ್ಮನ ಮಗ ತಾಣದಲ್ಲಿ ಏನಾದರೂ ಬದಲಾಯಿಸೋಣವೇ ಎಂದು ಕೇಳಿದ. ಬೇಡ ಎಂದೆ. ಪುತ್ತೂರಿನ ಪೇಟೆಗೆ ಹೋಗಿ ಒಂದು ಪವರ್ ಬ್ಯಾಂಕ್ ತಂದಿಟ್ಟಿದ್ದೇನೆ.