ಲ್ಯಾನ್ ಕೇಬಲ್‌ಗೆ ನೀವೇ ಕನೆಕ್ಟರ್ ಹಾಕಿ

ಲ್ಯಾನ್ ಕೇಬಲ್ ಎಂದರೆ ಕಂಪ್ಯೂಟರನ್ನು ರೂಟರ್‌ಗೆ ಜೋಡಿಸುವ ನೆಟ್‌ವರ್ಕ್ ವೈರ್. ಗೋಡೆಯೊಳಗಿನ ಪೈಪಿನಲ್ಲಿ ರೆಡಿಮೇಡ್ ಕೇಬಲ್‌ನ ಕನೆಕ್ಟರ್ ತೂರುವುದೇ ಕಷ್ಟ. ಬರೀ ಕೇಬಲ್ ಎಳೆದು ಆಮೇಲೆ ಕನೆಕ್ಟರ್ ಹಾಕುವುದು ವಾಸಿ.

ಕ್ಯಾಟ್6 ದರ್ಜೆಯ ಲ್ಯಾನ್ ಕೇಬಲ್, ಅದಕ್ಕೆ ಹೊಂದುವ ಆರ್‌ಜೆ45 ಕನೆಕ್ಟರ್ (ತುದಿಯ ಪ್ಲಗ್), ಕನೆಕ್ಟರನ್ನು ವೈರ್‌ಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಒಂದು ಸಣ್ಣ ಲ್ಯಾನ್ ಕೇಬಲ್ ಟೆಸ್ಟರ್ ಇರಲಿ. ಕೇಬಲ್ ಪೂರ್ತಿ ತಾಮ್ರದ್ದೇ ತನ್ನಿ. ಅಲ್ಯೂಮಿನಿಯಂಗೆ ತಾಮ್ರ ಹೊದಿಸಿದ್ದು ಅಗ್ಗ, ಆದರೆ ಬೇಗ ಮುರಿಯುತ್ತದೆ. ಕನೆಕ್ಟರ್ ನಾಲ್ಕು ಜಾಸ್ತಿನೇ ತನ್ನಿ, ಮೊದಲೆರಡು ಹಾಳಾಗುತ್ತವೆ!

ಹೊರಗಿನ ಸಿಪ್ಪೆಯನ್ನು ಸುಮಾರು 3 ಸೆಂ.ಮೀ. ಸುಲಿಯಿರಿ. ಒಳಗಿನ ವೈರ್‌ಗೆ ಬ್ಲೇಡ್ ತಾಗಿದ್ದರೆ ಅಷ್ಟನ್ನೂ ಕತ್ತರಿಸಿ ಮತ್ತೆ ಶುರು ಮಾಡಿ. ಒಳಗೆ ಎರಡೆರಡು ವೈರ್ ಹುರಿ ಮಾಡಿದ ನಾಲ್ಕು ಜೋಡಿಗಳಿವೆ; ಅವುಗಳ ಹುರಿ ಬಿಡಿಸಿ, ಬೆರಳಲ್ಲಿ ತಿಕ್ಕಿ ನೇರ ಮಾಡಿ, ಎಡದಿಂದ ಹೀಗೆ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು ಟಿ568ಬಿ ಎಂಬ ಪ್ರಮಾಣಿತ ಬಣ್ಣಗಳ ಕ್ರಮ. ಹಸಿರು ಜೋಡಿಯ ಮಧ್ಯೆ ನೀಲಿ ಜೋಡಿ ಬಂದು ಕೂತಿದೆ ನೋಡಿ, ನಾನು ಎಡವಿದ್ದು ಅಲ್ಲೇ.

ಈಗ ತುದಿಗಳನ್ನು ಸಮನಾಗಿ ಕತ್ತರಿಸಿ, ಹುರಿ ಬಿಚ್ಚಿದ ಭಾಗ 13 ಮಿ.ಮೀ.ಗಿಂತ ಜಾಸ್ತಿ ಉಳಿಯಬಾರದು. ಕನೆಕ್ಟರ್‌ನ ಕ್ಲಿಪ್ ಕೆಳಮುಖ, ಬಾಯಿ ನಿಮ್ಮ ಕಡೆ. ಎಂಟೂ ವೈರ್ ಮುಂದಿನ ಗೋಡೆಗೆ ತಾಗುವ ತನಕ, ಸಿಪ್ಪೆಯೂ ಸ್ವಲ್ಪ ಒಳಗೆ ಹೋಗುವ ಹಾಗೆ ತಳ್ಳಿ, ಗಟ್ಟಿಯಾಗಿ ಕ್ರಿಂಪ್ ಮಾಡಿ. ಸಿಪ್ಪೆ ಹೊರಗೇ ಉಳಿದರೆ ಒಮ್ಮೆ ಎಳೆದಾಗ ಕಿತ್ತು ಬರುತ್ತದೆ.

ಇನ್ನೊಂದು ತುದಿಗೂ ಇದೇ ಕ್ರಮ. ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪಗಳು ಸಾಲಾಗಿ ಹತ್ತಬೇಕು. ಎಲ್ಲಾ ಸರಿ ಅನ್ನಿಸಿದರೂ ಕಂಪ್ಯೂಟರ್ 1000 ಬದಲು 100 ಎಂಬಿಪಿಎಸ್ ವೇಗ ತೋರಿಸಿದರೆ ನೀಲಿ ಅಥವಾ ಕಂದು ಜೋಡಿ ಸರಿಯಾಗಿ ಕೂತಿಲ್ಲದಿರಬಹುದು, ಆ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ.