ಹಳೇ ಕಾರಿಗೆ ಎಚ್‌ಎಸ್‌ಆರ್‌ಪಿ ಹಾಕಿಸುವುದು ಹೇಗೆ

ನಿಮ್ಮ ಕಾರು 2019ರ ಏಪ್ರಿಲ್ 1ಕ್ಕಿಂತ ಮುಂಚೆ ರಿಜಿಸ್ಟರ್ ಆಗಿದ್ದರೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ರಿಜಿಸ್ಟ್ರೇಷನ್ ಪ್ಲೇಟ್, ಅಂದರೆ ಸುಲಭಕ್ಕೆ ನಕಲು ಮಾಡಲಾಗದ ನಂಬರ್ ಪ್ಲೇಟ್) ಹಾಕಿಸುವ ಕೆಲಸ ನಿಮ್ಮದೇ. ಆಮೇಲೆ ಬಂದ ಗಾಡಿಗಳಿಗೆ ಷೋರೂಮಿನವರೇ ಹಾಕಿ ಕೊಟ್ಟಿರುತ್ತಾರೆ. ಕರ್ನಾಟಕದಲ್ಲಿ ಹೀಗೆ ಹಾಕಿಸಬೇಕಾದ ಹಳೇ ಗಾಡಿಗಳು ಹತ್ತಿರ ಹತ್ತಿರ 2 ಕೋಟಿ ಅಂತ ಲೆಕ್ಕ. 2023ರ ಆಗಸ್ಟ್‌ನಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿದಾಗ ಆ ನವೆಂಬರ್ 17ಕ್ಕೇ ಕಡೇ ದಿನ ಎಂದಿತ್ತು. ಅದು 2024ರ ಫೆಬ್ರವರಿ 17 ಆಯಿತು, ಮೇ 31 ಆಯಿತು, ಇನ್ನೂ ಮುಂದಕ್ಕೆ ಹೋಗುತ್ತಲೇ ಇತ್ತು. ಹಾಗಾಗಿ ಎಷ್ಟೋ ಜನ ಇನ್ನೂ "ನೋಡೋಣ ಬಿಡಿ" ಎಂದೇ ಕೂತಿದ್ದಾರೆ. ದಂಡದ ಭಯ ಇಲ್ಲದಿದ್ದರೂ ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ: ಕಾರು ಮಾರುವಾಗ, ವಿಳಾಸ ಬದಲಿಸುವಾಗ, ಸಾಲ ತೀರಿದ ಮೇಲೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವಾಗ ಆರ್‌ಟಿಒದಲ್ಲಿ ಮೊದಲು ಕೇಳುವುದೇ ಇದನ್ನು.

ರಸ್ತೆ ಬದಿಯ ನಂಬರ್ ಪ್ಲೇಟ್ ಅಂಗಡಿಯಲ್ಲಿ ಅಚ್ಚು ಒತ್ತಿಸಿ, ಎಡಗಡೆ ನೀಲಿಯಲ್ಲಿ ಐಎನ್‌ಡಿ ಎಂದು ಅಂಟಿಸಿಕೊಂಡು ಬಂದರೆ ಆಗಲ್ವಾ ಎಂದು ಕೇಳುವವರು ಜಾಸ್ತಿ. ಆಗುವುದಿಲ್ಲ. ನೋಡಲು ಒಂದೇ ಥರ ಕಂಡರೂ ಅದು ಬರೀ ತಗಡು. ಅಸಲಿ ಪ್ಲೇಟಿನ ಹತ್ತಿರ ಹೋಗಿ ನೋಡಿ. ಎಡಗಡೆ ಮೇಲ್ಮೂಲೆಯಲ್ಲಿ 20 ಮಿಲಿಮೀಟರ್ ಅಗಲ, ಅಷ್ಟೇ ಎತ್ತರದ ಹೊಳೆಯುವ ಹೋಲೋಗ್ರಾಂ ಇರುತ್ತದೆ, ಅದರಲ್ಲಿ ಅಶೋಕ ಚಕ್ರ. ಕೆಳಮೂಲೆಯಲ್ಲಿ ಲೇಸರ್‌ನಿಂದ ಕೆತ್ತಿದ ಸಣ್ಣ ನಂಬರ್, ಬಿಸಿಲಿನಲ್ಲಿ ಸ್ವಲ್ಪ ಓರೆ ಮಾಡಿ ನೋಡಿದರೆ ಮಾತ್ರ ಚೆನ್ನಾಗಿ ಕಾಣುತ್ತದೆ. ಉಬ್ಬಿದ ಕಪ್ಪು ಅಕ್ಷರಗಳ ಮೇಲೂ ಇಂಡಿಯಾ ಎಂದು ಓರೆಯಾಗಿ ಸಣ್ಣದಾಗಿ ಅಚ್ಚಾಗಿರುತ್ತದೆ. ಹಿಂದಿನ ಪ್ಲೇಟಿಗೆ ಒಂದು ಲೇಸರ್ ನಂಬರ್, ಮುಂದಿನದಕ್ಕೆ ಇನ್ನೊಂದು. ಈ ಎರಡೂ ನಿಮ್ಮ ಗಾಡಿಯ ಹೆಸರಲ್ಲಿ ವಾಹನ್ ಎಂಬ ಸರ್ಕಾರಿ ಕಂಪ್ಯೂಟರ್ ದಾಖಲೆಗೆ ಸೇರುತ್ತವೆ. ಕಾರಿನ ಮೇಲಿರುವ ತಗಡು, ಸರ್ಕಾರದ ಕಂಪ್ಯೂಟರಿನಲ್ಲಿರುವ ನಂಬರ್, ಇವೆರಡರ ಜೋಡಿಗೇ ಎಚ್‌ಎಸ್‌ಆರ್‌ಪಿ ಎನ್ನುವುದು. ರಸ್ತೆ ಬದಿಯಲ್ಲಿ ಸಿಗುವುದು ಅರ್ಧ ಮಾತ್ರ.

ಬುಕಿಂಗ್ ಶುರು ಮಾಡುವ ಮುಂಚೆ ಒಂದು ಮಾತು. ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದ ಲಿಂಕ್ ಒತ್ತಬೇಡಿ. ಇದೇ ಹೆಸರಿನ ನಕಲಿ ವೆಬ್‌ಸೈಟ್‌ಗಳು ಬಂದು, ಕ್ಯೂಆರ್ ಕೋಡ್ ತೋರಿಸಿ ದುಡ್ಡು ಕಿತ್ತುಕೊಂಡ ಪ್ರಕರಣಗಳು ನಡೆದಿವೆ, ಪೊಲೀಸರೇ ಎಚ್ಚರಿಕೆ ಕೊಟ್ಟಿದ್ದರು. ಸಾರಿಗೆ ಇಲಾಖೆಯ ಸ್ವಂತ ವೆಬ್‌ಸೈಟಿಗೆ ಹೋಗಿ (ವಿಳಾಸ ಜಿಒವಿ ಡಾಟ್ ಇನ್ ಎಂದು ಮುಗಿಯಬೇಕು), ಇಲ್ಲವೇ ವಾಹನ ತಯಾರಕರ ಸಂಘ ಸಿಯಾಮ್‌ನ ವೆಬ್‌ಸೈಟಿಗೆ ಹೋಗಿ. ಅಲ್ಲಿಂದ ಬುಕ್ ಎಚ್‌ಎಸ್‌ಆರ್‌ಪಿ ಎಂಬುದನ್ನು ಒತ್ತಿದರೆ ಕಾರು ಕಂಪನಿಗಳ ಪಟ್ಟಿ ಬರುತ್ತದೆ. ನಿಮ್ಮ ಕಂಪನಿ ಆರಿಸಿದ ಮೇಲೆ ಅದಕ್ಕೆ ಪ್ಲೇಟ್ ಮಾಡಿಕೊಡುವವರ ಪುಟಕ್ಕೆ ಅದೇ ಕರೆದುಕೊಂಡು ಹೋಗುತ್ತದೆ. ಮಧ್ಯದಲ್ಲಿ ಬೇರೆ ವಿಳಾಸ ಕಾಣಿಸಿತೆಂದು ಗಾಬರಿ ಬೇಡ, ಶುರುವಾದ ಜಾಗ ಸರಿಯಿದ್ದರೆ ಸಾಕು. ವಾಟ್ಸಾಪಿನಲ್ಲಿ ಬಂದ ಲಿಂಕನ್ನಂತೂ, ಕಳಿಸಿದವರು ನಿಮ್ಮ ಮಾವನೇ ಆಗಿರಲಿ, ಮುಟ್ಟಬೇಡಿ.

ಇನ್ನು ಫಾರಂ. ಕೈಯಲ್ಲಿ ಆರ್‌ಸಿ ಇಟ್ಟುಕೊಂಡೇ ಕೂರಿ. ರಿಜಿಸ್ಟ್ರೇಷನ್ ನಂಬರ್, ಚಾಸಿ ನಂಬರ್, ಎಂಜಿನ್ ನಂಬರ್ ಕೇಳುತ್ತದೆ. ಇವು ವಾಹನ್‌ನಲ್ಲಿರುವುದಕ್ಕೆ ಅಕ್ಷರ ಅಕ್ಷರ ಹೊಂದಬೇಕು, ಇಲ್ಲದಿದ್ದರೆ ಮುಂದಕ್ಕೇ ಬಿಡುವುದಿಲ್ಲ. ಜನ ಇಲ್ಲೇ ಒದ್ದಾಡುವುದು. ಹಳೇ ಕಾರ್ಡಿನ ಅಕ್ಷರ ಸವೆದು ಹೋಗಿರುತ್ತದೆ, ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, ಒಂದೋ ಐ ಅಕ್ಷರವೋ ಎಂದು ಗೊತ್ತಾಗುವುದಿಲ್ಲ. ಇದಕ್ಕೊಂದು ಉಪಾಯ ಇದೆ: 17 ಅಕ್ಷರಗಳ ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಈ ಮೂರು ಅಕ್ಷರಗಳನ್ನು ಬಳಸುವುದೇ ಇಲ್ಲ. ಅಲ್ಲಿ ಉರುಟಾಗಿ ಕಂಡದ್ದು ಸೊನ್ನೆ, ನೆಟ್ಟಗೆ ನಿಂತದ್ದು ಒಂದು. ಎಂಜಿನ್ ನಂಬರಿಗೆ ಈ ನಿಯಮ ಇಲ್ಲ, ಅದನ್ನು ಇನ್ಶೂರೆನ್ಸ್ ಪಾಲಿಸಿ ಜೊತೆ ಹೋಲಿಸಿ ನೋಡಿ. ಎಲ್ಲ ಸರಿಯಾಗಿ ತುಂಬಿದರೂ ಗಾಡಿ ಸಿಗುತ್ತಿಲ್ಲ ಎಂದರೆ, ಹಳೇ ಕಡತದಿಂದ ಕಂಪ್ಯೂಟರಿಗೆ ಏರಿಸುವಾಗ ಏನೋ ಎಡವಟ್ಟಾಗಿದೆ ಎಂದರ್ಥ. ಅದನ್ನು ಸರಿ ಮಾಡುವುದು ಆರ್‌ಟಿಒದವರೇ. ಆರ್‌ಸಿ ತೆಗೆದುಕೊಂಡು ಅಲ್ಲಿಗೇ ಹೋಗಿ, ಸುಮ್ನೆ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ಪ್ರಯೋಜನ ಇಲ್ಲ.

ಇಂಧನದ ಕಾಲಂ ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದಿನ ಗಾಜಿಗೆ ಅಂಟಿಸುವ ಸ್ಟಿಕರಿನ ಬಣ್ಣ ಅದರ ಮೇಲೇ ನಿಂತಿದೆ. ಪೆಟ್ರೋಲ್, ಸಿಎನ್‌ಜಿಗೆ ತಿಳಿ ನೀಲಿ, ಡೀಸೆಲ್‌ಗೆ ಕೇಸರಿ. ಆಮೇಲೆ ನಿಮಗೆ ಹತ್ತಿರದ ಡೀಲರ್, ದಿನ, ಹೊತ್ತು ಆರಿಸಿ, ಆನ್‌ಲೈನಿನಲ್ಲೇ ದುಡ್ಡು ಕಟ್ಟಿ. ಕಾರಿಗೆ ಏಳುನೂರು ರೂಪಾಯಿ ಆಸುಪಾಸು ಬರುತ್ತದೆ, ಬೈಕಿಗೆ ನಾನೂರರ ಸುತ್ತ. ಹಾಕುವ ಕೂಲಿಯೂ ಅದರಲ್ಲೇ ಸೇರಿದೆ. ಷೋರೂಮಿನಲ್ಲಿ "ಫಿಟಿಂಗ್ ಚಾರ್ಜು, ಫ್ರೇಮ್ ಚಾರ್ಜು" ಎಂದು ಶುರು ಮಾಡಿದರೆ ರಸೀದಿ ತೋರಿಸಿ, ಫ್ರೇಮ್ ಬೇಡ ಎಂದು ನೇರವಾಗಿ ಹೇಳಿ. ಕೆಲವು ಊರುಗಳಲ್ಲಿ ಮನೆಗೇ ಬಂದು ಹಾಕುತ್ತಾರೆ, ಅದಕ್ಕೆ ಬೇರೆ ದುಡ್ಡು. ಅಪಾರ್ಟ್‌ಮೆಂಟಿನಲ್ಲಿ ಇರುವವರು ನಾಲ್ಕೈದು ಮನೆಯವರು ಒಟ್ಟಿಗೆ ಬುಕ್ ಮಾಡಿದರೆ ಒಂದೇ ದಿನ ಎಲ್ಲರದ್ದೂ ಮುಗಿಯುತ್ತದೆ.

ಹೋಗುವ ದಿನ ಕಾರು ತೊಳೆದಿರಲಿ, ಪ್ಲೇಟ್ ಜಾಗವನ್ನಾದರೂ ಒರೆಸಿಕೊಂಡು ಹೋಗಿ. ಹಳೇ ಸ್ಕ್ರೂ ತುಕ್ಕು ಹಿಡಿದು ಕೂತಿದ್ದರೆ ಹಿಂದಿನ ದಿನವೇ ಸ್ವಲ್ಪ ಎಣ್ಣೆ ಬಿಟ್ಟಿಡಿ. ಇಲ್ಲದಿದ್ದರೆ ಅಲ್ಲಿನ ಹುಡುಗ ಅವಸರದಲ್ಲಿ ಎಳೆದು ಬಂಪರಿನ ಬ್ರಾಕೆಟ್ ಮುರಿದಾನು. ರಸೀದಿ, ಆರ್‌ಸಿ ಜೊತೆಗಿರಲಿ.

ಪ್ಲೇಟ್ ಕೈಗೆ ಬಂದ ಕೂಡಲೇ, ಹಾಕುವ ಮುಂಚೆ, ಎರಡನ್ನೂ ಹಿಡಿದು ನಂಬರ್ ಓದಿ. ಹಾಕಿದ ಮೇಲೆ ತಪ್ಪು ಕಂಡರೆ ಬಿಚ್ಚಲು ಆಗುವುದಿಲ್ಲ, ಮುರಿಯಲೇಬೇಕು. ಯಾಕೆಂದರೆ ಇದಕ್ಕೆ ಹಾಕುವುದು ಸ್ನ್ಯಾಪ್ ಲಾಕ್. ಪ್ಲೇಟಿನ ತೂತಿನೊಳಗೆ ಲಾಕ್ ತೂರಿಸಿ ಒತ್ತಿದರೆ ಟಕ್ ಎಂದು ಕೂತುಕೊಳ್ಳುತ್ತದೆ, ತಲೆಯ ಮೇಲೆ ಸ್ಕ್ರೂಡ್ರೈವರ್ ಹಾಕಲು ಕಚ್ಚೂ ಇರುವುದಿಲ್ಲ. ಬಿಚ್ಚಬೇಕೆಂದರೆ ಒಡೆಯಬೇಕು, ಒಡೆದದ್ದು ಇನ್ನೊಮ್ಮೆ ಕೂರುವುದಿಲ್ಲ. ಕಳ್ಳ ಒಂದು ಕಾರಿನ ಪ್ಲೇಟ್ ಬಿಚ್ಚಿ ಇನ್ನೊಂದಕ್ಕೆ ಹಾಕಬಾರದು ಎಂದೇ ಹೀಗೆ ಮಾಡಿರುವುದು. ಅದಕ್ಕೇ "ಸಾರ್, ಇವತ್ತು ರಶ್ಶು, ಪ್ಲೇಟ್ ತಗೊಂಡು ಹೋಗಿ ಮನೇಲಿ ಸ್ಕ್ರೂ ಹಾಕ್ಕೊಳ್ಳಿ" ಎಂದರೆ ಒಪ್ಪಬೇಡಿ. ಸ್ಕ್ರೂ ಹಾಕಿದರೆ ಅಷ್ಟೆಲ್ಲ ಮಾಡಿಸಿದ್ದಕ್ಕೆ ಅರ್ಥವೇ ಇಲ್ಲ.

ಹುಡುಗ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ. ಕಾರಿನ ಉದ್ದನೆ ಪ್ಲೇಟ್ 500 ಮಿಲಿಮೀಟರ್ ಅಗಲ, 120 ಎತ್ತರ. ಮುಂದಿನ ಬಂಪರ್ ಉಬ್ಬಿಕೊಂಡಿರುವ ಕಾರುಗಳಲ್ಲಿ ಪ್ಲೇಟಿನ ಎರಡು ತುದಿ ಗಾಳಿಯಲ್ಲೇ ಉಳಿಯುತ್ತದೆ. ತೂತಿನ ಜಾಗ ಹೋಲೋಗ್ರಾಂ ಮೇಲೋ ಅಕ್ಷರದ ಮೇಲೋ ಬರದ ಹಾಗೆ ಗುರುತು ಮಾಡಿ ಕೊರೆಯಲು ಹೇಳಿ. ಹಿಂದಿನದು ಡಿಕ್ಕಿ ಬಾಗಿಲಿಗೆ ಬೀಳುವಂಥದ್ದಾದರೆ, ಹಾಕಿದ ಮೇಲೆ ಬಾಗಿಲನ್ನು ಒಮ್ಮೆ ಜೋರಾಗಿ ಮುಚ್ಚಿ. ತಗಡು ಗಲಗಲ ಅಂದರೆ ಅಲ್ಲೇ ಲಾಕ್ ಸರಿ ಮಾಡಿಸಿ, ಇಲ್ಲದಿದ್ದರೆ ನಮ್ಮ ರಸ್ತೆಯ ಹಂಪುಗಳ ಮೇಲೆ ಅದೇ ಸಂಗೀತ ದಿನಾ ಕೇಳಬೇಕಾಗುತ್ತದೆ. ಮೂರನೆಯದು ಸ್ಟಿಕರ್, ಗಾಜಿನ ಒಳಗಡೆ, ಎಡಗಡೆಯ ಮೇಲ್ಮೂಲೆಗೆ. ಕೀಳಲು ಹೋದರೆ ಚೂರು ಚೂರಾಗುತ್ತದೆ, ಹಾಗಾಗಿ ಗಾಜು ಒರೆಸದೆ ಅಂಟಿಸಲು ಬಿಡಬೇಡಿ. ಅದರಲ್ಲಿ ಗಾಡಿ ನಂಬರ್ ಜೊತೆ ಎರಡು ಪ್ಲೇಟಿನ ಲೇಸರ್ ನಂಬರೂ ಅಚ್ಚಾಗಿರುತ್ತದೆ, ಪ್ಲೇಟಿನಲ್ಲಿರುವುದಕ್ಕೆ ತಾಳೆ ನೋಡಿ.

ಹೊರಡುವ ಮುಂಚೆ ಮುಂದೆ ಹಿಂದೆ ಒಂದೊಂದು ಫೋಟೋ ತೆಗೆದುಕೊಳ್ಳಿ, ಲೇಸರ್ ನಂಬರ್ ಕಾಣುವಂತೆ. ಸ್ವಲ್ಪ ದಿನ ಬಿಟ್ಟು, ಎಚ್‌ಎಸ್‌ಆರ್‌ಪಿ ವಿವರ ವಾಹನ್‌ಗೆ ಏರಿದೆಯಾ ಎಂದು ನೋಡಿ. ಏರಿಲ್ಲದಿದ್ದರೆ ಹಾಕಿದ ಡೀಲರನ್ನೇ ಹಿಡಿಯಬೇಕು, ಆಗ ಈ ಫೋಟೋ, ರಸೀದಿ ಕೆಲಸಕ್ಕೆ ಬರುತ್ತವೆ.

ಕನ್ನಡದಲ್ಲಿ ನಂಬರ್ ಬರೆಸಬಹುದಾ ಎಂದು ಕೇಳುವವರಿಗೆ: ಆಸೆ ನನಗೂ ಇದೆ, ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮ ಇಂಗ್ಲಿಷ್ ಅಕ್ಷರ, ಮಾಮೂಲಿ ಅಂಕಿಗಳನ್ನೇ ಕೇಳುತ್ತದೆ. 8055 ಎಂಬುದನ್ನು ಬಾಸ್ ಎಂದು ಓದುವ ಹಾಗೆ ತಿರುಚಿ ಬರೆಸುವ ಕಾಲವೂ ಮುಗಿಯಿತು, ಅಕ್ಷರದ ಎತ್ತರ, ದಪ್ಪ ಎಲ್ಲವೂ ಮೊದಲೇ ಗೊತ್ತು ಮಾಡಿದ್ದು. ಪ್ಲೇಟಿನ ಮೇಲೆ ಅಕ್ರಿಲಿಕ್ ಹಾಳೆ ಹಾಕಿಸುವುದು, ಅಂಚಿಗೆ ಜಾತಿ ಹೆಸರೋ ಸಂಘದ ಹೆಸರೋ ಅಂಟಿಸುವುದು ಬೇಡ.

ಬಂಪರಿಗೆ ಪೇಂಟ್ ಮಾಡಿಸಲು ಗ್ಯಾರೇಜಿಗೆ ಬಿಡುವಾಗ ಪ್ಲೇಟ್ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಲಾಕ್ ಒಡೆಯದೆ ಬಂಪರ್ ಜೊತೆಗೇ ಇಳಿಸಿ, ಮಾಸ್ಕಿಂಗ್ ಟೇಪ್ ಹಾಕಿ ಕೆಲಸ ಮಾಡುವ ಮೇಸ್ತ್ರಿಗಳಿದ್ದಾರೆ. ಒಡೆಯಲೇಬೇಕಾದರೆ ಹೊಸ ಲಾಕ್ ಡೀಲರ್ ಹತ್ತಿರವೇ ಹಾಕಿಸಬೇಕು. ಪ್ಲೇಟ್ ಸೊಟ್ಟಗಾದರೆ ಅಥವಾ ಒಂದು ಕಡೆಯದು ಮಾತ್ರ ಹಾಳಾದರೆ ಅದೇ ವೆಬ್‌ಸೈಟಿನಲ್ಲಿ ಬದಲಿ ಪ್ಲೇಟಿಗೆ ಬುಕ್ ಮಾಡಬಹುದು. ಕಳುವಾದರೆ ಮಾತ್ರ ಮೊದಲು ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ, ಅದರ ಪ್ರತಿ ಇಲ್ಲದೆ ಬುಕಿಂಗ್ ಮುಂದಕ್ಕೆ ಹೋಗುವುದಿಲ್ಲ. ಮುಂದಿನ ಗಾಜು ಒಡೆದು ಹೊಸದು ಹಾಕಿಸಿದಾಗ ಸ್ಟಿಕರ್ ಕೂಡ ಹೋಗಿರುತ್ತದೆ, ಫಾಸ್ಟ್ಯಾಗ್ ಜೊತೆಗೆ ಅದನ್ನೂ ಹೊಸದಾಗಿ ತರಿಸಿಕೊಳ್ಳಿ.