ಒಂದು ಮೋಟರ್‌ಗೆ ಒಂದು ಟ್ರೇ

ಚಿತ್ರದುರ್ಗದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರ್‌ಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ಬೇಸಿಗೆ ಬಂತೆಂದರೆ ಹಿರಿಯೂರು, ಚಳ್ಳಕೆರೆ ಕಡೆಯಿಂದ ಬೋರ್‌ವೆಲ್ ಮೋಟರ್‌ಗಳು ಬಂದು ಬೀಳುತ್ತವೆ. ತೋಟ ಒಣಗುತ್ತಿರುತ್ತದೆ, ಎಲ್ಲರಿಗೂ ಇವತ್ತೇ ಬೇಕು. ಆ ಗಡಿಬಿಡಿಯಲ್ಲಿ ನೆಲ ಗುಡಿಸಿದೆಯೋ ಇಲ್ಲವೋ ನಾನು ನೋಡುವುದಿಲ್ಲ. ಒಬ್ಬರ ಮೋಟರ್‌ನ ಸಾಮಾನು ಇನ್ನೊಬ್ಬರದ್ದಕ್ಕೆ ಸೇರಬಾರದು, ಅಷ್ಟೇ.

ಅದಕ್ಕೆ 15 ಕೆಜಿ ಎಣ್ಣೆ ಡಬ್ಬ ಹಿಡಿದೆ. ಚಳ್ಳಕೆರೆ ಮಿಲ್ಲುಗಳ ಪುಣ್ಯ, ನಮ್ಮ ಕಡೆ ಡಬ್ಬಕ್ಕೆ ಬರವಿಲ್ಲ. ಉದ್ದಕ್ಕೆ ಸೀಳಿ, ಕೈ ಕುಯ್ಯದಂತೆ ಅಂಚು ಮಡಚಿ ಬಡಿದರೆ ಎರಡು ಟ್ರೇ ಆಯಿತು. ಮೋಟರ್ ಬಿಚ್ಚುವ ಮೊದಲೇ ಟ್ರೇ ಪಕ್ಕಕ್ಕೆ ಬರಬೇಕು. ಬೋಲ್ಟು, ವಾಷರ್, ಕೀ, ಬುಷ್ ಎಲ್ಲ ಅದರೊಳಗೇ. ನಂಬರನ್ನು ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಪಂಚ್ ಮಾಡಿ, ಬಾಡಿಗೊಂದು, ಟ್ರೇಗೊಂದು ಕಟ್ಟುತ್ತೇನೆ. ಮಾರ್ಕರ್‌ನಲ್ಲಿ ಬರೆದದ್ದು ಡೀಸೆಲ್‌ನಲ್ಲಿ ತೊಳೆದಾಗ ನಿಲ್ಲುವುದಿಲ್ಲ. ಕವರ್ ತೆಗೆಯುವ ಮುಂಚೆ ಬಾಡಿಗೂ ಕವರಿಗೂ ಎದುರುಬದುರು ಒಂದೊಂದು ಚುಕ್ಕೆ ಹೊಡೆಯುತ್ತೇನೆ, ಇನ್ನೊಂದು ತುದಿಗೆ ಎರಡೆರಡು. ಜೋಡಿಸುವಾಗ ಯಾವುದು ಯಾವ ಕಡೆ ಅಂತ ತಲೆ ಕೆರೆದುಕೊಳ್ಳುವುದು ಬೇಡ.

ಸುಟ್ಟ ವೈಂಡಿಂಗ್‌ನ ತಾಮ್ರಕ್ಕೂ ಅದೇ ನಂಬರಿನ ಚೀಲ. "ತಾಮ್ರ ಎಷ್ಟು ಬಂತಪ್ಪಾ?" ಅಂತ ಕೇಳದ ರೈತರು ಕಡಿಮೆ. ಚೀಲ ತಕ್ಕಡಿಗಿಟ್ಟರೆ ಮಾತು ಮುಗಿಯಿತು.

ಮೊನೊಬ್ಲಾಕ್ (ಮೋಟರ್, ಪಂಪು ಎರಡೂ ಒಂದೇ ಬಾಡಿಯಲ್ಲಿರುವ) ಪಂಪಿನ ಬೇರಿಂಗ್‌ಗಳನ್ನು ಶಾಫ್ಟ್ ಸೈಜಿನಂತೆ ಸಾಲಾಗಿ ಇಟ್ಟಿದ್ದೇನೆ. ಬಾಕ್ಸಿನ ಮೇಲಿನ ನಂಬರೇ ಸೈಜ್ ಹೇಳುತ್ತದೆ. 6204, 6205ರಲ್ಲಿ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ 20, 25 ಮಿ.ಮೀ. 04ಕ್ಕಿಂತ ಕೆಳಗಿನವಕ್ಕೆ ಈ ಲೆಕ್ಕ ನಡೆಯುವುದಿಲ್ಲ. 6203 ಅಂದರೆ 17, ಅದನ್ನು ನೆನಪಿಟ್ಟುಕೊಳ್ಳಬೇಕು. ಬೇರಿಂಗ್ ಕೂರಿಸುವ ಗಳಿಗೆವರೆಗೂ ಅದರ ಕವರ್ ಹರಿಯಬಾರದು. ಆಷಾಢದಲ್ಲಿ ಪಡುವಣ ಗಾಳಿ ಧೂಳನ್ನೆಲ್ಲ ಒಳಗೆ ತರುತ್ತದೆ. ನಮ್ಮ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿದ್ದಾರಾ?

ಗ್ರೈಂಡರ್ ಅದಕ್ಕೇ ಮೂಡಣ ಗೋಡೆಯ ಆಚೆ ಹೋಯಿತು. ಕಬ್ಬಿಣದ ಪುಡಿ ವೈಂಡಿಂಗ್ ತಂತಿಗೆ ಹತ್ತಿದರೆ ತಂತಿಯ ಮೇಲಿನ ಎನಾಮಲ್ ಲೇಪ ಗೀರುತ್ತದೆ. ವಾರ್ನಿಷ್, ತಿನ್ನರ್ ಇರುವ ಕಡೆ ಕಿಡಿ ಹಾರುವುದೂ ತಪ್ಪಿತು.

ಪಾನಾಗಳಿಗೆ ಪ್ಲೈವುಡ್ ಮೇಲೆ ಮೊಳೆ ಹೊಡೆದು, ಅದರದ್ದೇ ಆಕಾರ ಬಣ್ಣದಲ್ಲಿ ಬರೆದಿದ್ದೇನೆ. "ಅಣ್ಣಾ, 12-13 ಎಲ್ಲೈತೆ?" ಅನ್ನುವ ಕೂಗು ನಿಂತಿದೆ. ಸುತ್ತಿಗೆಗೆ ಮಾತ್ರ ಯಾವ ಬೋರ್ಡೂ ಆಗಲಿಲ್ಲ. ಕೆಲಸ ಮಾಡಿದಲ್ಲೇ ಮಲಗಿರುತ್ತದೆ. ಇನ್ನೊಂದು ತಂದಿಟ್ಟೆ.

ಜಾಸ್ತಿ ಜಾಗ ತಿನ್ನುವುದು ರಿಪೇರಿಯಾಗಿ ಕಾಯುವ ಮೋಟರ್‌ಗಳು. ಒಂದು ಮಳೆ ಬಿದ್ದರೆ ಸಾಕು, ಅವಸರ ಮಾಡಿದವರೇ ಫೋನ್ ಎತ್ತುವುದಿಲ್ಲ. ಅಡ್ವಾನ್ಸ್ ಕೊಡದೆ ಬಿಚ್ಚುವುದಿಲ್ಲ ಅಂತ ಬೋರ್ಡ್ ಹಾಕಿದ ಮೇಲೆ ಕಡಿಮೆಯಾಗಿದೆ. ಗುರುತಿನವರಿಗೆ ಆ ಬೋರ್ಡ್ ಕಾಣಿಸುವುದಿಲ್ಲ, ಅದು ಬೇರೆ ಮಾತು.